ತಾಳಗುಂದದ ಕದಂಬವೃಕ್ಷವೂ ಕನ್ನಡ ನಾಡಿನ ತರುಬಾಂಧವ್ಯವೂ

1

ಪ್ರಾಚೀನ ಕಾಲದ ರಾಜವಂಶಗಳು ತಮ್ಮ ಮೂಲವನ್ನು ಹೇಳಿಕೊಳ್ಳುವಾಗ ಸಾಮಾನ್ಯವಾಗಿ ಸೂರ್ಯನನ್ನೋ ಚಂದ್ರನನ್ನೋ ಯಾವುದಾದರೊಬ್ಬ ಪುರಾಣಪುರುಷನನ್ನೋ ಆಶ್ರಯಿಸುವುದುಂಟು. ಕನ್ನಡ ನಾಡಿನಲ್ಲಿ ಮೊದಮೊದಲು ತಲೆಯೆತ್ತಿದ ಸ್ವತಂತ್ರ ರಾಜವಂಶವಾದ ಬನವಾಸಿಯ ಕದಂಬರಾದರೋ ಒಂದು ಮರದ ಹೆಸರನ್ನು ತಮ್ಮ ಕುಲದ ಹೆಸರಾಗಿ ಧರಿಸಿದರು. ಈ ಸಂಗತಿಯು ಚರಿತ್ರೆಯನ್ನು ಓದಿದವರೆಲ್ಲರಿಗೂ ತಿಳಿದದ್ದೇ. ಆದರೆ ಆ ಹೆಸರು ಅವರಿಗೆ ಬಂದ ಬಗೆಯನ್ನು ಅವರ ಶಾಸನವು ಹೇಗೆ ವಿವರಿಸುತ್ತದೆಂಬುದನ್ನು ನಿಧಾನಿಸಿ ನೋಡಿದರೆ, ಮರಕ್ಕೂ ಮನುಷ್ಯನಿಗೂ ಇರುವ ಸಂಬಂಧವನ್ನು ಕುರಿತು ಈ ನಾಡಿನ ಹಿರಿಯರಿಗಿದ್ದ ಒಂದು ವಿಶೇಷವಾದ ಅಭಿಪ್ರಾಯವು ಗೋಚರವಾಗುತ್ತದೆ. ಆ ಅಭಿಪ್ರಾಯದ ಸ್ವರೂಪವನ್ನೂ, ಅದು ಕಾಲಕ್ರಮದಲ್ಲಿ ಪಡೆದ ರೂಪಾಂತರಗಳನ್ನೂ, ಅದಕ್ಕೆ ಒದಗಿದ ಹಾನಿಯನ್ನೂ ವಿವೇಚಿಸುವುದೇ ಈ ಲೇಖನದ ಉದ್ದೇಶವು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ತಾಳಗುಂದವು ಹಿಂದೆ ಸ್ಥಾನಕುಂದೂರೆಂದು ಪ್ರಸಿದ್ಧವಾಗಿದ್ದ ಊರು. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲುಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದಲ್ಲಿ, ಎಂದರೆ ಕ್ರಿ. ಶ. 5ನೆಯ ಶತಮಾನದ ಮಧ್ಯಭಾಗದಲ್ಲಿ, ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಕಾವ್ಯವೊಂದು ಕೊರೆಯಲ್ಪಟ್ಟಿದೆ. ಬಿ. ಎಲ್. ರೈಸ್ ಅವರು ಇದನ್ನು ಎಪಿಗ್ರಾಫಿಯ ಕರ್ಣಾಟಿಕದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು; ಕೀಲ್‌ಹಾರ್ನ್ ಪಂಡಿತರು ಎಪಿಗ್ರಾಫಿಯ ಇಂಡಿಕದಲ್ಲಿ ಇದರ ಪರಿಷ್ಕೃತ ಪಾಠವನ್ನು ಕೊಟ್ಟರು. ಕಾಕುಸ್ಥವರ್ಮನು ಅಲ್ಲಿನ ಶಿವಾಲಯದ ಬಳಿಯಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದ್ದನ್ನು ಹೇಳುವುದು ಈ ಶಾಸನದ ಮುಖ್ಯ ವಿಷಯವಾದರೂ, ಅದರ ಪೀಠಿಕೆಯಲ್ಲಿ ಕುಲದ ವೃತ್ತಾಂತವು ವಿಸ್ತಾರವಾಗಿ ಬಂದಿದೆ. ಮಾನವ್ಯಗೋತ್ರಕ್ಕೆ ಸೇರಿ ಹಾರೀತಿಪುತ್ರರೆನಿಸಿಕೊಂಡ ಒಂದು ಬ್ರಾಹ್ಮಣ ಕುಟುಂಬವು ವೇದಾಧ್ಯಯನದಲ್ಲಿಯೂ ಯಜ್ಞಕರ್ಮಗಳಲ್ಲಿಯೂ ನಿರತವಾಗಿದ್ದಿತು. ಅವರ ಮನೆಯ ಹತ್ತಿರ ಹೂಬಿಟ್ಟು ಶೋಭಿಸುವ ಕದಂಬವೃಕ್ಷವೊಂದು ಬೆಳೆದಿದ್ದಿತು. ಆ ಕುಟುಂಬದವರು ಅದನ್ನು ಆದರದಿಂದ ಉಪಚರಿಸುತ್ತ ಬಂದರು. ಹಾಗೆ ಉಪಚರಿಸಿದ ಕಾರಣದಿಂದಲೇ ಆ ಮರದ ಹೆಸರೂ ಅದರ ಗುಣವೂ ಅವರಿಗೆ ಸಂದವು. ಶಾಸನದ ತಾತ್ಪರ್ಯವು ಇಷ್ಟು.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಹೆಸರು ಬರುವುದಕ್ಕೆ ಶಾಸನವು ಹೇಳುವ ಕಾರಣವು ಜನ್ಮವಲ್ಲ, ದೈವಾನುಗ್ರಹವಲ್ಲ, ಉಪಚಾರವು. ಮರವು ಮೊದಲೇ ಇದ್ದಿತು. ಮನುಷ್ಯರು ಅದನ್ನು ನೋಡಿಕೊಂಡರು. ನೋಡಿಕೊಂಡದ್ದರಿಂದ ಅದರ ನೆಂಟರಾದರು. ಎರಡನೆಯದು, ಬಂದದ್ದು ಹೆಸರು ಮಾತ್ರವಲ್ಲ. ಗುಣದ ಸಾಮ್ಯವೂ ಬಂದಿತೆಂದು ಕವಿಯು ಸೇರಿಸಿರುವನು. ಇನ್ನೂ ಒಂದು ಮಾತನ್ನು ಹೇಳಬಹುದು. ಶಾಸನದ ಕ್ರಮದಲ್ಲಿ ಮರದ ಮಾತು ಬರುವುದು ರಾಜ್ಯದ ಮಾತಿಗಿಂತ ಮೊದಲು. ಅದೇ ಕುಲದ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋಗಿ, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವುಂಟಾಗಿ, ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದು, ಶ್ರೀಪರ್ವತದವರೆಗೆ ಹಬ್ಬಿದ್ದ ದುರ್ಗಮವಾದ ಅರಣ್ಯವನ್ನು ಆಶ್ರಯಿಸಿ ರಾಜನಾದ ಕಥೆಯು ಅನಂತರ ಬರುತ್ತದೆ. ಕಿರೀಟವು ಬರುವುದಕ್ಕೆ ಮುಂಚೆಯೇ ಕುಲಕ್ಕೆ ಹೆಸರು ಬಂದಿದ್ದಿತು. ಅದು ಕತ್ತಿಯಿಂದ ಬಂದ ಹೆಸರಲ್ಲ.

2

ಈ ವೃತ್ತಾಂತವು ನಡೆದ ಸಂಗತಿಯೋ, ಅಥವಾ ಮೊದಲೇ ಇದ್ದ ಕುಲನಾಮಕ್ಕೆ ಆಸ್ಥಾನಕವಿಯು ಕಲ್ಪಿಸಿದ ಸಮಾಧಾನವೋ ಎಂಬ ಸಂದೇಹವು ಸಹಜವಾದದ್ದೇ. ಕದಂಬವೃಕ್ಷವನ್ನು ಕುಲದೇವತೆಯಾಗಿ ಪೂಜಿಸುತ್ತಿದ್ದ ಯಾವುದೋ ದೇಶೀಯ ಜನದಿಂದ ಈ ವಂಶವು ಹುಟ್ಟಿರಬಹುದೆಂಬ ಊಹೆಗೂ ಅವಕಾಶವುಂಟು. ಆದರೆ ಪ್ರಕೃತ ವಿಚಾರಕ್ಕೆ ಈ ಸಂದೇಹದಿಂದ ಬಾಧಕವಿಲ್ಲ. ಕಲ್ಪನೆಯೆಂದೇ ಇಟ್ಟುಕೊಂಡರೂ, ಕೇಳುವವರು ನಂಬುವಂತಹ ಕಾರಣವನ್ನೇ ಕವಿಯು ಕಲ್ಪಿಸಬೇಕಷ್ಟೆ. ಒಂದು ಮರವನ್ನು ಸಾಕಿದವರು ಆ ಮರದ ಕುಲಕ್ಕೆ ಸೇರಿದವರಾಗುತ್ತಾರೆಂಬುದು 5ನೆಯ ಶತಮಾನದ ಕೇಳುಗರಿಗೆ ಅಸಂಗತವಾಗಿ ತೋರುತ್ತಿರಲಿಲ್ಲವೆಂಬುದಂತೂ ಇದರಿಂದ ಸಿದ್ಧವಾಗುತ್ತದೆ.

ಆರೇಳು ಶತಮಾನಗಳ ತರುವಾಯ ಇದೇ ಕಥೆಯು ಬೇರೊಂದು ರೂಪವನ್ನು ತಾಳಿತು. ಗೋವೆಯ ಕದಂಬರ ಶಾಸನಗಳಲ್ಲಿ ವಂಶದ ಮೂಲಪುರುಷನು ತ್ರಿಲೋಚನ ಕದಂಬನು. ತ್ರಿಪುರಸಂಹಾರದ ಆಯಾಸದಿಂದ ಶಿವನ ಹಣೆಯಲ್ಲಿ ಮೂಡಿದ ಬೆವರಿನ ಹನಿಯು ಕದಂಬವೃಕ್ಷದ ಬುಡದಲ್ಲಿ ಬೀಳಲು, ಅದರಿಂದ ಮೂರು ಕಣ್ಣುಗಳೂ ನಾಲ್ಕು ತೋಳುಗಳೂ ಉಳ್ಳ ವೀರನು ಉದ್ಭವಿಸಿದನೆಂದು ಅವು ವರ್ಣಿಸುತ್ತವೆ. ಜಾರ್ಜ್ ಮೊರೇಸ್ ಅವರು 1931ರಲ್ಲಿ ಪ್ರಕಟಿಸಿದ ಕದಂಬಕುಲವೆಂಬ ಗ್ರಂಥದಲ್ಲಿ ಇಂತಹ ಐತಿಹ್ಯಗಳನ್ನು ಸಂಗ್ರಹಿಸಿರುವರು. ಮರವು ಇಲ್ಲಿಯೂ ಇದೆ. ಆದರೆ ಅದರ ಸ್ಥಾನವು ಬದಲಾಗಿದೆ. ತಾಳಗುಂದದಲ್ಲಿ ಅದು ಹಿತ್ತಿಲಿನ ಮರವು. ನೀರನ್ನು ಬಯಸುವ, ಕಾವಲನ್ನು ಬೇಡುವ ಜೀವವು. ಗೋವೆಯ ಶಾಸನಗಳಲ್ಲಿ ಅದು ದೇವಜನ್ಮಕ್ಕೆ ಸಾಕ್ಷಿಯಾಗಿ ನಿಂತ ಗುರುತು ಮಾತ್ರ. ಮೊದಲನೆಯ ಕಥೆಯಲ್ಲಿ ನೆಂಟಸ್ತಿಕೆಯು ದಿನದಿನದ ಕೆಲಸದಿಂದ ಉಂಟಾಯಿತು. ಎರಡನೆಯದರಲ್ಲಿ ಅದು ರಕ್ತದಿಂದ, ಅಥವಾ ಬೆವರಿನಿಂದ, ಒಮ್ಮೆಲೇ ಉಂಟಾಗಿ ಮುಗಿಯಿತು. ಕೆಲಸದಿಂದ ಬಂದ ನೆಂಟಸ್ತಿಕೆಯನ್ನು ಪ್ರತಿ ತಲೆಮಾರೂ ಮತ್ತೆ ಸಂಪಾದಿಸಬೇಕು. ಹುಟ್ಟಿನಿಂದ ಬಂದದ್ದನ್ನು ಹೇಳಿಕೊಂಡರೆ ಸಾಕು. ಮರಗಳೊಡನೆ ಮನುಷ್ಯನಿಗಿರುವ ಬಾಂಧವ್ಯವನ್ನು ಕುರಿತ ಈ ಎರಡು ಭಾವನೆಗಳೂ ಈ ನಾಡಿನಲ್ಲಿ ಒಟ್ಟೊಟ್ಟಿಗೆ ನಡೆದುಬಂದಿವೆ. ಮರಗಳನ್ನು ಉಳಿಸಿದ ಭಾವನೆಯು ಇವುಗಳಲ್ಲಿ ಯಾವುದೆಂಬುದೇ ವಿಚಾರಣೀಯವಾದ ವಿಷಯ.

3

ಉಪಚಾರದಿಂದ ಬಾಂಧವ್ಯವೆಂಬ ಮೊದಲನೆಯ ಭಾವನೆಗೆ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಬೇಕಾದಷ್ಟು ಆಧಾರವುಂಟು. ಪಶ್ಚಿಮ ಚಾಲುಕ್ಯ ಜಯಸಿಂಹನ ಕಾಲದಲ್ಲಿದ್ದ ಚಾವುಂಡರಾಯನು ಕ್ರಿ. ಶ. 1025ರಲ್ಲಿ ರಚಿಸಿದ ಲೋಕೋಪಕಾರವೆಂಬ ಕನ್ನಡ ಗ್ರಂಥದಲ್ಲಿ ಪಾಕಶಾಸ್ತ್ರ, ವಾಸ್ತು, ವೈದ್ಯ, ಜಲಶೋಧನೆ ಮುಂತಾದವುಗಳ ನಡುವೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯವು ಮೀಸಲಾಗಿದೆ. ಆಯುರ್ವೇದವೆಂಬ ಶಬ್ದವನ್ನು ಮರಕ್ಕೆ ಅನ್ವಯಿಸಿರುವುದೇ ಅರ್ಥವತ್ತಾಗಿದೆ. ಮರಕ್ಕೂ ಆಯುಸ್ಸುಂಟು, ರೋಗವುಂಟು, ಪಥ್ಯವುಂಟು, ವೈದ್ಯನುಂಟು ಎಂಬುದು ಈ ಶಾಸ್ತ್ರದ ಮೂಲತತ್ತ್ವ. ವಾತ ಪಿತ್ತ ಕಫಗಳ ವಿಕಾರದಿಂದ ಮನುಷ್ಯರಿಗೆ ರೋಗವು ಬರುವಂತೆಯೇ ಮರಗಳಿಗೂ ಬರುವುದೆಂದು ವೃಕ್ಷಾಯುರ್ವೇದ ಗ್ರಂಥಗಳು ಪ್ರತಿಪಾದಿಸುತ್ತವೆ. ಈ ನಿದಾನಕ್ರಮವನ್ನು ಇಂದಿನ ಸಸ್ಯಶಾಸ್ತ್ರವು ಒಪ್ಪಲಾರದು. ಆದರೂ ಮರದ ಬಳಿಗೆ ಹೋಗುವವನು ಕೊಡಲಿಯನ್ನಲ್ಲದೆ ಮದ್ದನ್ನು ಹಿಡಿದು ಹೋಗಬೇಕೆಂಬ ಮನೋಧರ್ಮವನ್ನು ಅದು ಕಲಿಸಿತು. ಕೆಳದಿಯ ಬಸವಪ್ಪನಾಯಕನು 18ನೆಯ ಶತಮಾನದ ಆದಿಯಲ್ಲಿ ಸಂಕಲಿಸಿದ ಶಿವತತ್ತ್ವರತ್ನಾಕರದಲ್ಲಿಯೂ ಈ ವಿಷಯವು ಬಂದಿರುವುದರಿಂದ, ಏಳು ಶತಮಾನಗಳವರೆಗೆ ಕನ್ನಡ ನಾಡಿನ ವಿದ್ವಾಂಸರು ಇದನ್ನು ಲೋಕಕ್ಕೆ ಉಪಯುಕ್ತವಾದ ವಿದ್ಯೆಗಳಲ್ಲಿ ಒಂದೆಂದು ಎಣಿಸುತ್ತಿದ್ದರೆಂದು ತಿಳಿದುಬರುತ್ತದೆ.

ಧರ್ಮಶಾಸ್ತ್ರದ ಮಾರ್ಗದಲ್ಲಿಯೂ ಇದೇ ಭಾವನೆಯು ಕಂಡುಬರುತ್ತದೆ. ವಿಜಯನಗರದ ಕಾಲದ ಶಾಸನಗಳಲ್ಲಿಯೂ ಸಾಹಿತ್ಯದಲ್ಲಿಯೂ ಸಪ್ತಸಂತಾನವೆಂಬ ಮಾತು ಪ್ರಸಿದ್ಧವಾಗಿದೆ. ಮಗ, ಕೆರೆ, ನಿಧಿ, ದೇವಾಲಯ, ಅಗ್ರಹಾರ, ಕೃತಿ, ಉಪವನ ಇವು ಏಳೂ ಮನುಷ್ಯನಿಗೆ ಸಂತಾನಗಳೇ ಎಂಬುದು ಅದರ ಸಾಮಾನ್ಯವಾದ ಗಣನೆ. ಮರಗಳ ತೋಪನ್ನು ಇಲ್ಲಿ ಆಸ್ತಿಯ ಪಟ್ಟಿಯಲ್ಲಿ ಸೇರಿಸದೆ ಮಕ್ಕಳ ಪಟ್ಟಿಯಲ್ಲಿ ಸೇರಿಸಿದೆ. ಊರೂರಿನ ಅಶ್ವತ್ಥಕಟ್ಟೆಗಳಲ್ಲಿ ಇಂದಿಗೂ ಕಾಣುವ ಆಚಾರವೂ ಇದನ್ನೇ ಸಮರ್ಥಿಸುತ್ತದೆ. ಅರಳಿಯನ್ನೂ ಬೇವನ್ನೂ ಒಂದೇ ಪಾತಿಯಲ್ಲಿ ನೆಟ್ಟು, ಅವು ಬೆಳೆದ ಮೇಲೆ ಅರಳಿಗೆ ಉಪನಯನವನ್ನೂ, ಅನಂತರ ಬೇವಿನೊಡನೆ ವಿವಾಹವನ್ನೂ ಮಾಡಿ, ಬುಡದಲ್ಲಿ ನಾಗರಕಲ್ಲನ್ನು ಪ್ರತಿಷ್ಠಿಸುವುದುಂಟು. ಮಕ್ಕಳಿಲ್ಲದ ದಂಪತಿಗಳು ವಿಶೇಷವಾಗಿ ಇದನ್ನು ನಡೆಸುವರು. ಮಗನಿಗೆ ಮಾಡತಕ್ಕ ಸಂಸ್ಕಾರಗಳನ್ನು ಮರಕ್ಕೆ ಮಾಡುವುದರಿಂದ ಆ ಮರವು ಮನೆಯ ಮಗುವಾಗುತ್ತದೆ. ಆ ಬಳಿಕ ಅದನ್ನು ಕಡಿಯುವ ಮಾತೇ ಇಲ್ಲ. ನ್ಯಾಯ ಪಂಚಾಯಿತಿಗಳು ಸೇರುತ್ತಿದ್ದದ್ದೂ, ದಾರಿಹೋಕರು ದಣಿವಾರಿಸಿಕೊಳ್ಳುತ್ತಿದ್ದದ್ದೂ ಇದೇ ಕಟ್ಟೆಗಳ ನೆರಳಿನಲ್ಲಿ.

ಇದರಿಂದ ಪೂರ್ವಿಕರೆಲ್ಲರೂ ಮರಗಳನ್ನು ಕಡಿಯದೆ ಬಾಳಿದರೆಂದು ಭಾವಿಸುವುದು ಸರಿಯಲ್ಲ. ಕಾಡನ್ನು ಕಡಿದು ಊರನ್ನು ಕಟ್ಟಿ ಕೆರೆಯನ್ನು ಕಟ್ಟಿದವರನ್ನು ಶಾಸನಗಳು ಮುಕ್ತಕಂಠದಿಂದ ಹೊಗಳಿವೆ. ನೇಗಿಲು ನಡೆಯಬೇಕಾದರೆ ಕೊಡಲಿಯು ಮುಂದೆ ನಡೆಯಲೇಬೇಕಾಗಿದ್ದಿತು. ಆದುದರಿಂದ ಪ್ರಾಚೀನರ ಹಿರಿಮೆಯು ಕಡಿಯದಿದ್ದುದರಲ್ಲಿಲ್ಲ. ಯಾವುದನ್ನು ಕಡಿಯಬಹುದು, ಯಾವುದನ್ನು ಕಡಿಯಬಾರದು, ಕಡಿಯುವುದಕ್ಕೆ ಯಾರನ್ನು ಕೇಳಬೇಕು ಎಂಬುದಕ್ಕೆ ಒಂದು ಮೇರೆಯನ್ನು ಇಟ್ಟುಕೊಂಡಿದ್ದುದರಲ್ಲಿದೆ.

4

ಶಾಸ್ತ್ರ ಧರ್ಮಗಳ ಮಾತು ಹೀಗಾದರೆ, ಸೌಂದರ್ಯದ ದೃಷ್ಟಿಯಿಂದಲೂ ಇದೇ ನಂಟು ವ್ಯಕ್ತವಾಗಿದೆ. ಕ್ರಿ. ಶ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನು ಬನವಾಸಿ ದೇಶವನ್ನು ವರ್ಣಿಸುವಾಗ ಅಲ್ಲಿನ ಅರಮನೆಗಳಿಗಿಂತ ಉಪವನಗಳನ್ನೇ ಹೆಚ್ಚು ಹಂಬಲದಿಂದ ನೆನೆದಿರುವನು. ಕ್ರಿ. ಶ. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಬರಿಯ ಗೋಡೆಗೆ ಆತು ನಿಂತಿಲ್ಲ. ಅನೇಕ ವಿಗ್ರಹಗಳ ಮೇಲೆ ಎಲೆ ಹೂ ಬಳ್ಳಿಗಳ ಚಪ್ಪರವು ಬಾಗಿ ಬಂದಿದೆ. ಸುಂದರಿಯರ ಪಾದಸ್ಪರ್ಶದಿಂದ ಅಶೋಕವು ಹೂಬಿಡುವುದೆಂಬ ಕವಿಸಮಯವೂ, ಮರದ ಕೊಂಬೆಯನ್ನು ಹಿಡಿದು ನಿಲ್ಲುವ ಶಾಲಭಂಜಿಕೆಯ ಪ್ರಾಚೀನ ಶಿಲ್ಪಸಂಪ್ರದಾಯವೂ ಈ ವಿಗ್ರಹಗಳ ಹಿಂದೆ ಇವೆ. ಮರದ ಚೆಲುವು ಮನುಷ್ಯನ ಚೆಲುವಿನಿಂದ ಅರಳುತ್ತದೆ, ಮನುಷ್ಯನ ಚೆಲುವು ಮರದ ನೆರಳಿನಲ್ಲಿ ಪೂರ್ಣವಾಗುತ್ತದೆ ಎಂಬುದು ಶಿಲ್ಪಿಗಳ ಆಶಯವಾಗಿರಬೇಕು.

ಇದಕ್ಕಿಂತಲೂ ಗಂಭೀರವಾದ ನಿದರ್ಶನವು ಶ್ರವಣಬೆಳಗೊಳದ ಗೊಮ್ಮಟೇಶ್ವರನ ಮೂರ್ತಿಯಲ್ಲಿದೆ. ಗಂಗರ ಮಂತ್ರಿಯಾದ ಚಾವುಂಡರಾಯನು (ಲೋಕೋಪಕಾರದ ಕರ್ತೃವಲ್ಲ) 10ನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ ಈ ಮೂರ್ತಿಯ ಕಾಲುಗಳ ಬಳಿ ಹುತ್ತವು ಬೆಳೆದಿದೆ; ಮಾಧವೀಲತೆಯು ತೊಡೆಗಳನ್ನು ಸುತ್ತಿ ತೋಳುಗಳವರೆಗೆ ಹಬ್ಬಿದೆ. ಅಲುಗದೆ ನಿಂತ ಬಾಹುಬಲಿಯನ್ನು ಬಳ್ಳಿಯು ಮರವೆಂದೇ ತಿಳಿದು ಆಶ್ರಯಿಸಿತೆಂಬುದು ಇದರ ಭಾವ. ರಾಜ್ಯವನ್ನು ಗೆದ್ದು ಬಿಟ್ಟವನ ಸಾಧನೆಯು ಪೂರ್ಣವಾಯಿತೆಂಬುದಕ್ಕೆ ಶಿಲ್ಪಿಯು ಕೊಟ್ಟ ಪ್ರಮಾಣವು ಕಿರೀಟವಲ್ಲ. ಒಂದು ಬಳ್ಳಿಯ ನಂಬಿಕೆ. ತಾಳಗುಂದದ ಶಾಸನವು ಹೇಳಿದ ಗುಣಸಾಮ್ಯವು ಇಲ್ಲಿ ಕಲ್ಲಿನಲ್ಲಿ ಮೂರ್ತಿಮತ್ತಾಗಿದೆಯೆಂದರೆ ತಪ್ಪಾಗಲಾರದು.

5

ಇದುವರೆಗೆ ಹೇಳಿದ್ದು ಒಂದೊಂದು ಮರದ, ಒಂದೊಂದು ತೋಪಿನ ಮಾತು. ಇಡೀ ಕಾಡಿನೊಡನೆ ಒಂದು ಊರು ಇಟ್ಟುಕೊಂಡಿದ್ದ ಬಾಂಧವ್ಯವನ್ನು ತಿಳಿಯಬೇಕಾದರೆ ಮಲೆನಾಡಿನ ಕಾನುಗಳನ್ನೂ ಕೊಡಗಿನ ದೇವರಕಾಡುಗಳನ್ನೂ ನೋಡಬೇಕು. ಸೊರಬ, ಸಾಗರ, ಸಿದ್ದಾಪುರ, ಶಿರಸಿ ಸೀಮೆಗಳಲ್ಲಿ ಊರಿನ ಮಗ್ಗುಲಿನಲ್ಲಿ ಕೊಡಲಿ ಬೀಳದೆ ಉಳಿದ ನಿತ್ಯಹರಿದ್ವರ್ಣದ ಕಾಡಿಗೆ ಕಾನು ಎಂದು ಹೆಸರು. ಅದರೊಳಗೆ ಊರಿನ ದೇವತೆಯ ನೆಲೆಯುಂಟು. ಕಾಡುಮೆಣಸು, ಬಗನಿ, ಜೇನು, ಮದ್ದಿನ ಸೊಪ್ಪುಗಳು ಊರಿನವರಿಗೆ ದೊರೆಯುತ್ತಿದ್ದವು. ಕೆಳಗಿನ ಗದ್ದೆ ತೋಟಗಳಿಗೆ ನೀರಿನ ಒರತೆಯು ಅದರಿಂದಲೇ ಬರುತ್ತಿದ್ದಿತು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ಸಲ್ಲಿಸಿದ ವರದಿಯಲ್ಲಿ ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳು, ಸುಮಾರು 32,500 ಎಕರೆಗಳಷ್ಟು ವಿಸ್ತಾರಕ್ಕೆ, ಲೆಕ್ಕಕ್ಕೆ ಬಂದಿವೆ.

ಈ ಏರ್ಪಾಡನ್ನು ಹೊರಗಿನವರು ಅರ್ಥಮಾಡಿಕೊಂಡ ಬಗೆಗೆ ಫ್ರಾನ್ಸಿಸ್ ಬುಕಾನನ್ ಎಂಬವನ ಬರಹವು ಉತ್ತಮ ಸಾಕ್ಷಿಯಾಗಿದೆ. ಟಿಪ್ಪು ಸುಲ್ತಾನನ ಪತನಾನಂತರ 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಅವನು ಬರೆದ ಗ್ರಂಥವು 1807ರಲ್ಲಿ ಪ್ರಕಟವಾಯಿತು. ಕೆನರಾದ ಉತ್ತರಭಾಗದಲ್ಲಿ ಕಾಡುಗಳೆಲ್ಲವೂ ಆಯಾ ಊರಿನ ದೇವರ ಸ್ವತ್ತೆಂದೂ, ಪೂಜಾರಿಯೂ ಆಗಿರುವ ಊರಗೌಡನ ಅಪ್ಪಣೆಯಿಲ್ಲದೆ ಮರವನ್ನು ಕಡಿಯಕೂಡದೆಂದೂ, ಅಪ್ಪಣೆ ಕೊಟ್ಟದ್ದಕ್ಕಾಗಿ ದೇವರಿಗೆ ಯಾವ ಕಾಣಿಕೆಯೂ ಸಲ್ಲುವುದಿಲ್ಲವೆಂದೂ, ಕೇಳದೆ ಕಡಿದವನಿಗೆ ಮಾತ್ರ ದೇವರ ಮುನಿಸು ತಟ್ಟುವುದೆಂದು ಜನರು ನಂಬುವರೆಂದೂ ಅವನು ಬರೆದಿರುವನು. ಅಷ್ಟಕ್ಕೆ ನಿಲ್ಲದೆ, ಸರ್ಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯುವುದಕ್ಕಾಗಿ ಹೂಡಿದ ಉಪಾಯವೇ ಇದು ಎಂದು ತೀರ್ಮಾನಿಸಿರುವನು.

ಬುಕಾನನನ ವರ್ಣನೆಯು ಬೆಲೆಯುಳ್ಳದ್ದು. ತೀರ್ಮಾನವು ಮಾತ್ರ ಅವನ ವರ್ಣನೆಗೇ ಹೊಂದುವುದಿಲ್ಲ. ದೇವರಿಗೆ ಏನೂ ಸಲ್ಲದ ಅಪ್ಪಣೆಯೆಂದರೆ ಅದು ಮಾರಾಟವಲ್ಲ, ತೆರಿಗೆಯೂ ಅಲ್ಲ. ನೆಂಟರ ಮನೆಯಿಂದ ವಸ್ತುವನ್ನು ತರುವಾಗ ಬೆಲೆಯನ್ನು ಕೊಡುವುದಿಲ್ಲ. ಆದರೆ ಕೇಳದೆ ತರುವುದೂ ಇಲ್ಲ. ಕೇಳುವುದೆಂಬ ಆ ಒಂದು ಕ್ರಿಯೆಯೇ ಕಡಿತಕ್ಕೆ ಮಿತಿಯನ್ನು ಕಲ್ಪಿಸಿತ್ತು. ಹತ್ತು ಮರ ಬೇಕೆಂದು ಬಂದವನು ಹತ್ತು ಜನರ ಎದುರಿಗೆ ಬಾಯಿಬಿಟ್ಟು ಕೇಳಬೇಕಾದಾಗ ಎರಡಕ್ಕೆ ತೃಪ್ತನಾಗುವುದು ಮನುಷ್ಯಸ್ವಭಾವವು. ಬಾಂಧವ್ಯವನ್ನು ಸ್ವಾಮ್ಯವೆಂದು ಓದಿದ್ದೇ ಬುಕಾನನನ ದೋಷವು. ಆ ದೋಷವು ಮುಂದಿನ ಆಡಳಿತದಲ್ಲಿ ಕಾನೂನಿನ ರೂಪವನ್ನು ತಾಳಿತು. 1878ರ ಅರಣ್ಯ ಕಾಯಿದೆಯ ತರುವಾಯ ಕಾಡುಗಳು ಮೀಸಲು, ರಕ್ಷಿತ ಎಂಬ ವರ್ಗಗಳಿಗೆ ಸೇರಿದವು. ಊರಿನವನು ತನ್ನ ಕಾಡಿನಲ್ಲಿಯೇ ರಿಯಾಯಿತಿಗಳನ್ನು ಬೇಡತಕ್ಕವನಾದನು. ಅಪ್ಪಣೆಯನ್ನು ಕೇಳುವುದು ನಿಲ್ಲಲಿಲ್ಲ. ಆದರೆ ಕಾಡಿನೊಡನೆ ಬಾಳದವರನ್ನು ಕೇಳುವಂತಾಯಿತು.

ಕೊಡಗಿನ ಚರಿತ್ರೆಯು ಇದರ ಫಲವನ್ನು ಅಂಕೆಗಳಲ್ಲಿಯೇ ತೋರಿಸುತ್ತದೆ. ಅಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳುಂಟು. ಅಯ್ಯಪ್ಪ, ಭಗವತಿ, ಮಹಾದೇವ ಮುಂತಾದ ದೇವತೆಗಳ ಹೆಸರಿನಲ್ಲಿ ಇವು ಕಾಪಾಡಲ್ಪಟ್ಟಿದ್ದವು. ಬ್ರಾಂಡಿಸ್ ಸಹ 1897ರಲ್ಲಿ ಭಾರತದ ದೇವವನಗಳನ್ನು ಕುರಿತು ಬರೆಯುವಾಗ ಇವನ್ನು ನೆನೆದಿರುವನು. 1905ರಲ್ಲಿ ಇವು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ವರ್ಗವಾದವು. ಆಗ ಇವುಗಳ ವಿಸ್ತಾರವು ಸುಮಾರು 15,500 ಎಕರೆ. ಮತ್ತೆ ಅರಣ್ಯ ಇಲಾಖೆಗೆ ಬಂದ 1985ರಲ್ಲಿ ಅದು ಸುಮಾರು 6,300 ಎಕರೆ. ಈ 80 ವರ್ಷಗಳಲ್ಲಿ ಒತ್ತುವರಿ ಮಾಡಿದವರಲ್ಲಿ ಆ ದೇವರಿಗೆ ಕೈಮುಗಿಯುವವರೂ ಇದ್ದಿರಬೇಕೆಂಬುದನ್ನು ಮರೆಮಾಚಬೇಕಾದದ್ದಿಲ್ಲ. ದೇವಾಲಯಗಳು ಕಲ್ಲುಗಾರೆಗಳಿಂದ ವೃದ್ಧಿಯಾಗುತ್ತಿದ್ದಂತೆಯೇ ಅವುಗಳ ಸುತ್ತಲಿನ ಕಾಡು ಕುಗ್ಗಿದ ನಿದರ್ಶನಗಳುಂಟು. ಭಕ್ತಿಯಿದ್ದರೆ ಮರ ಉಳಿಯುವುದೆಂಬ ಮಾತು ಇದರಿಂದ ಅರ್ಧಸತ್ಯವಾಗಿ ನಿಲ್ಲುತ್ತದೆ. ಕಾಡಿನ ಹೆಸರಿಗೆ ದೇವರಿದ್ದರೂ, ಅದನ್ನು ನೋಡಿಕೊಳ್ಳುವ ಹೊಣೆಯು ಯಾರದೆಂಬುದು ಅಳಿಸಿಹೋದಾಗ, ಕಾಡು ಉಳಿಯಲಿಲ್ಲ. ತ್ರಿಲೋಚನನ ಕಥೆಯು ಸಾಲದೆ ಹೋಯಿತು. ತಾಳಗುಂದದ ಉಪಚಾರವು ಬೇಕಾಗಿದ್ದಿತು.

6

ಹೀಗೆ ಉಳಿದ ಕಾನುಗಳು ಏನನ್ನು ಕಾಪಾಡಿದವೆಂಬುದು ಇತ್ತೀಚಿನ ಶೋಧನೆಗಳಿಂದ ಬೆಳಕಿಗೆ ಬಂದಿದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಹೆಸರಿಗೆ ತಕ್ಕಂತೆ ಬಿಸಿಲು ನೆಲವನ್ನು ಮುಟ್ಟದ ಕಾಡು. ಅದರ ಜೌಗಿನಲ್ಲಿ ಜಾಯಿಕಾಯಿಯ ವಂಶಕ್ಕೆ ಸೇರಿದ ಅಪೂರ್ವವಾದ ಮರಗಳು ಬೆಳೆಯುತ್ತವೆ. ನೀರು ನಿಂತ ಕೆಸರಿನಲ್ಲಿ ಬೇರಿಗೆ ಗಾಳಿಯು ದೊರೆಯದು. ಆದುದರಿಂದ ಕೆಲವು ಮರಗಳು ಮೊಣಕಾಲನ್ನು ಮಡಿಸಿದಂತೆ ಬೇರನ್ನು ಕೆಸರಿನಿಂದ ಮೇಲಕ್ಕೆತ್ತಿ ಉಸಿರಾಡಿ ಮತ್ತೆ ಒಳಕ್ಕಿಳಿಸುತ್ತವೆ. ಕೆಲವು ಊರುಗೋಲುಗಳಂತಹ ಬೇರುಗಳ ಮೇಲೆ ನಿಲ್ಲುತ್ತವೆ. ಇವುಗಳ ದಪ್ಪ ಬೀಜಗಳು ಒಣಗಿದರೆ ಸತ್ತುಹೋಗುವುದರಿಂದ ನೆರಳೂ ತೇವವೂ ತಪ್ಪಿದ ಕಡೆಯಲ್ಲಿ ಇವುಗಳಿಗೆ ಸಂತತಿಯಿಲ್ಲ. ಗೇರಿನ ಜಾತಿಗೆ ಸಂಬಂಧಿಸಿದ ಒಂದು ಮರವನ್ನು ಸಸ್ಯಶಾಸ್ತ್ರಜ್ಞರು ಇಲ್ಲಿ ಹೊಸದಾಗಿ ಗುರುತಿಸಿ, 2000ದಲ್ಲಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ನಾಮಕರಣ ಮಾಡಿದರು. ಒಂದು ಊರಿನವರು ಕೊಡಲಿಯಿಡದೆ ಬಿಟ್ಟ ಕಾನಿನ ಹೆಸರು ಈ ರೀತಿಯಾಗಿ ಲೋಕದ ಶಾಸ್ತ್ರದಲ್ಲಿ ನಿಂತಿತು. ಮರಕ್ಕೆ ಜ್ಞಾನವುಂಟೆಂದು ಹೇಳುವುದು ಕವಿಗಳಿಗೆ ಬಿಟ್ಟ ಮಾತು. ಆದರೆ ಇಕ್ಕಟ್ಟಿನಲ್ಲಿ ಬದುಕುವ ಉಪಾಯವನ್ನು ಅದು ತನ್ನ ದೇಹದಲ್ಲಿಯೇ ಬರೆದುಕೊಂಡಿದೆಯೆಂಬುದನ್ನು ಶಾಸ್ತ್ರವೂ ಒಪ್ಪುತ್ತದೆ.

ಬೆಂಗಳೂರಿನ ಪಶ್ಚಿಮಕ್ಕೆ ಕೇತೋಹಳ್ಳಿಯ ಬಳಿಯಿರುವ ದೊಡ್ಡ ಆಲದ ಮರವೂ ಇದಕ್ಕೆ ನಿದರ್ಶನವಾಗಿದೆ. ಸುಮಾರು 3 ಎಕರೆಗಳಷ್ಟು ಹಬ್ಬಿರುವ ಈ ಮರದ ತಾಯಿಬೊಡ್ಡೆಯು ರೋಗದಿಂದ ನಶಿಸಿದೆ. ಆದರೂ ಮರವು ಸತ್ತಿಲ್ಲ. ಕೊಂಬೆಗಳಿಂದ ಇಳಿದ ಬಿಳಲುಗಳು ನೆಲದಲ್ಲಿ ಬೇರೂರಿ ಕಾಂಡಗಳಾಗಿ, ತಮ್ಮನ್ನು ಹೆತ್ತ ಕೊಂಬೆಗಳನ್ನು ತಾವೇ ಹೊತ್ತುನಿಂತಿವೆ. ಮೂಲವು ಹೋದ ಮೇಲೂ ಪೋಷಣೆಯಿಂದ ಕುಲವು ನಿಲ್ಲುತ್ತದೆಂಬುದನ್ನು ಈ ಮರವು ತನ್ನ ರೀತಿಯಲ್ಲಿ ತೋರಿಸಿಕೊಟ್ಟಿದೆ.

7

ಕಾಡನ್ನು ಕೇಳದೆ ಕಡಿಯುವುದರ ವಿರುದ್ಧವಾಗಿ ಜನರೇ ಎದ್ದು ನಿಂತದ್ದು 1983ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿಯ ಸಮೀಪದ ಸಾಲ್ಕಣಿಯ ಜನರು ಕಾಡಿಗೆ ಹೋಗಿ, ಕಡಿಯುವುದಕ್ಕೆ ಗುರುತಾದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಈ ಚಳವಳಿಯು ಅಪ್ಪಿಕೋ ಎಂಬ ಅಚ್ಚಗನ್ನಡದ ಹೆಸರಿನಿಂದ ಪ್ರಸಿದ್ಧವಾಯಿತು. ಹಿಮಾಲಯದ ಚಿಪ್ಕೋ ಚಳವಳಿಯಿಂದ ಇದು ಸ್ಫೂರ್ತಿಯನ್ನು ಪಡೆದದ್ದು ನಿಜ. ಆದರೆ ಇದು ಹುಟ್ಟಿದ್ದು ಕಾನುಗಳ ಸೀಮೆಯಲ್ಲಿ, ಬನವಾಸಿಯ ನೆರೆಯಲ್ಲಿ ಎಂಬುದನ್ನು ಚರಿತ್ರಕಾರನು ಮರೆಯಲಾಗದು.

ಅದೇ ಉತ್ತರ ಕನ್ನಡದ ಅಂಕೋಲೆ ಸೀಮೆಯ ಹೊನ್ನಳ್ಳಿಯಲ್ಲಿ ಹಾಲಕ್ಕಿ ಒಕ್ಕಲಿನಲ್ಲಿ ಹುಟ್ಟಿದ ತುಳಸಿ ಗೌಡರು ಓದುಬರಹವನ್ನು ಅರಿಯದಿದ್ದರೂ ಅರಣ್ಯ ಇಲಾಖೆಯ ಸಸ್ಯಪಾಲನಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಯಾವ ಜಾತಿಯ ಬೀಜವನ್ನು ಯಾವ ತಾಯಿಮರದಿಂದ ಯಾವ ಹದದಲ್ಲಿ ಆಯಬೇಕೆಂಬ ವಿದ್ಯೆಯಲ್ಲಿ ಪಂಡಿತರಿಗೂ ಗುರುವೆನಿಸಿದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಲೋಕೋಪಕಾರದ ವೃಕ್ಷಾಯುರ್ವೇದವು ಗ್ರಂಥದಲ್ಲಿ ನಿಂತರೂ, ಅದರ ಮನೋಧರ್ಮವು ಕೈಗಳಲ್ಲಿ ಜೀವಂತವಾಗಿದ್ದಿತೆಂಬುದಕ್ಕೆ ಅವರ ಬಾಳು ಸಾಕ್ಷಿ.

ಕೊನೆಯದಾಗಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರ ವೃತ್ತಾಂತ. ಮಕ್ಕಳಿಲ್ಲದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿಗಳು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರನ್ನು ಹೊತ್ತು ಹಾಕಿ, ದನಕರುಗಳು ಮೇಯದಂತೆ ಮುಳ್ಳುಬೇಲಿ ಕಟ್ಟಿ ಬೆಳೆಸಿದರು. ಕೂಲಿಯಿಂದ ಬದುಕುತ್ತಿದ್ದ ಆ ಇಬ್ಬರು ವರ್ಷವರ್ಷವೂ ಸೇರಿಸುತ್ತ ಬಂದ ಮರಗಳು 4 ಕಿಲೋಮೀಟರುಗಳ ಉದ್ದಕ್ಕೆ 385 ಎಂದು ಎಣಿಸಲ್ಪಟ್ಟಿವೆ. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅದೇ ವರ್ಷದಲ್ಲಿ ರಸ್ತೆಯ ಅಗಲೀಕರಣದಿಂದ ಆ ಮರಗಳಿಗೆ ಅಪಾಯವೊದಗಲು, ಮರಗಳನ್ನು ಉಳಿಸಬೇಕೆಂದು ಅವರೇ ಸರ್ಕಾರವನ್ನು ಬೇಡಬೇಕಾಯಿತು. ತಾನು ಸಾಕಿದ ಮಕ್ಕಳಿಗಾಗಿ ತಾಯಿಯೇ ಅಪ್ಪಣೆಯನ್ನು ಕೇಳಿಕೊಳ್ಳುವ ಈ ದೃಶ್ಯದಲ್ಲಿ ಬುಕಾನನನ ಕಾಲದಿಂದ ನಡೆದುಬಂದ ವಿಪರ್ಯಾಸವೆಲ್ಲವೂ ಅಡಗಿದೆ. 2025ರ ನವೆಂಬರ್ 14ರಂದು ಶತಾಯುಷಿಯಾದ ಅವರು ನಿಧನರಾದರು.

ಸಪ್ತಸಂತಾನದ ಪಟ್ಟಿಯನ್ನು ಅವರು ಓದಿರಲಿಲ್ಲ. ತಾಳಗುಂದದ ಕಂಬದ ಮೇಲಿನ ಅಕ್ಷರಗಳು ಅವರಿಗೆ ಗೊತ್ತಿರಲು ಕಾರಣವಿಲ್ಲ. ಆದರೂ ಜನರು ಅವರನ್ನು ತವರಿನ ಹೆಸರಿನಿಂದಾಗಲಿ ಕುಲದ ಹೆಸರಿನಿಂದಾಗಲಿ ಕರೆಯದೆ ಸಾಲುಮರದ ತಿಮ್ಮಕ್ಕನೆಂದು ಕರೆದರು. ಉಪಚರಿಸಿದ ಮರದಿಂದಲೇ ಉಪಚರಿಸಿದವರಿಗೆ ಹೆಸರು ಬಂದಿತು. 5ನೆಯ ಶತಮಾನದಲ್ಲಿ ಕುಬ್ಜಕವಿಯು ಒಂದು ರಾಜಕುಲವನ್ನು ಕುರಿತು ಕಲ್ಲಿನಲ್ಲಿ ಬರೆದ ಮಾತನ್ನು 20ನೆಯ ಶತಮಾನದ ಹಳ್ಳಿಯ ಜನರು, ಆ ಕವಿಯ ಹೆಸರನ್ನೂ ಕೇಳದೆ, ಒಬ್ಬ ಕೂಲಿಯ ಹೆಂಗಸಿನ ವಿಷಯದಲ್ಲಿ ಮತ್ತೊಮ್ಮೆ ಸತ್ಯಮಾಡಿದರು. ಕನ್ನಡ ನಾಡಿನಲ್ಲಿ ಮರಕ್ಕೂ ಮನುಷ್ಯನಿಗೂ ಇರುವ ನಂಟು ಹುಟ್ಟಿನಿಂದ ಬಂದ ಹಕ್ಕಲ್ಲ. ನೀರು ಹೊತ್ತವರಿಗೆ ಸಲ್ಲುವ ಹೆಸರು. ಹೊರುವವರು ಇರುವವರೆಗೆ ಮಾತ್ರ ಅದು ನಡೆದುಬರುವುದೆಂಬುದನ್ನು ದೇವರಕಾಡುಗಳ ಎಕರೆಗಳು ಸಾರುತ್ತವೆ. ಯಾರು ಹೊತ್ತರೂ ಅದು ಸಲ್ಲುವುದೆಂಬುದನ್ನು ಹುಲಿಕಲ್ಲಿನ ಆಲಗಳು ಸಾರುತ್ತವೆ.